ಏಳು ಮನೆಗೆ ಬಾಕಿ

ಬೆಳಗಿನ ಏಳು ಗಂಟೆಗೆ ಇನ್ನೂ ಸ್ವಲ್ಪ ಹೊತ್ತಿದೆ. ಚಾಮರಾಜನಗರದ ಪೇಟೆ ಬೀದಿಯಲ್ಲಿ ಹಾಲಿನವರನ್ನು ಬಿಟ್ಟರೆ ಯಾರೂ ಇಲ್ಲ. ಬ್ಯಾಂಕೊಂದರ ಮೆಟ್ಟಿಲ ಮೇಲೆ ಪುಟ್ಟಸಿದ್ದಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು ಗುಡಿಸುತ್ತಿದ್ದಾರೆ. ಮೆಟ್ಟಿಲಾಯಿತು, ಸೈಕಲ್ ನಿಲ್ಲಿಸುವ ಜಾಗವಾಯಿತು, ಚರಂಡಿಯವರೆಗಿನ ಅಂಗಳವಾಯಿತು. ಅಷ್ಟರಲ್ಲಿ ಕಾವಲುಗಾರ ಷಟರ್ ಎತ್ತುತ್ತಾನೆ. ಪುಟ್ಟಸಿದ್ದಮ್ಮನ ಪೊರಕೆ ಹೊಸ್ತಿಲವರೆಗೆ ಬಂದು ಅಲ್ಲೇ ನಿಲ್ಲುತ್ತದೆ.

"ಅಗಾ ನೋಡಿ ಸಾ, ಆ ಮೇಜಿನ್ ಕೆಳ್ಗೆ," ಎಂದು ಪತ್ರಿಕೆಗೆ ಬರೆಯಲು ಬಂದಿರುವ ನನಗೆ ಬಗ್ಗಿ ತೋರಿಸುತ್ತಾರೆ. "ಓದ್ ವಾರದ್ ಕಸ ಇನ್ನೂ ಅಲ್ಲೇ ಅದೆ. ನೋಡ್ತಿದ್ರೆ ಕೈ ಸುಮ್ಕಿರಲ್ಲ. ಆದ್ರೆ ಒಳಕ್ ಕಾಲಿಡಂಗಿಲ್ವಲ್ಲ."

ಒಂಬತ್ತು ವರ್ಷ ಇದೇ ಮೇಜುಗಳ ಕೆಳಗೆ ಗುಡಿಸಿ, ಒರೆಸಿ, ಸಾಹೇಬರುಗಳ ಲೋಟ ತೊಳೆದಿಟ್ಟ ಹೆಂಗಸು ಈಗ ಹೊಸ್ತಿಲ ಆಚೆ ನಿಂತಿದ್ದಾರೆ. ಕಾರಣ ಕೇಳಿದರೆ ನಿಮಗೆ ತಲೆ ಕೆಡುತ್ತದೆ. ನನಗಂತೂ ಕೆಟ್ಟು ತಿಂಗಳಾಯಿತು.

ಈ 2009ರ ಜುಲೈ ಒಂದರಿಂದ ಶಾಖೆಯ ಸ್ವಚ್ಛತೆಯ ಕೆಲಸ ಗುಂಡ್ಲುಪೇಟೆಯಲ್ಲಿ ಕಚೇರಿ ತೆರೆದಿರುವ ಗುತ್ತಿಗೆ ಕಂಪನಿಯೊಂದಕ್ಕೆ ಹೋಗಿದೆ. ಹಳಬರನ್ನೇ ಇಟ್ಟುಕೊಳ್ಳುತ್ತೇವೆ, ಸಂಬಳ ಹೆಚ್ಚಿಸುತ್ತೇವೆ, ಪಿಎಫ್ ಕೊಡುತ್ತೇವೆ ಎಂದು ಕಂಪನಿ ಹೇಳಿದೆ. ಆದರೆ ದುಡ್ಡಿರುವ ಜಾಗದಲ್ಲಿ ಓಡಾಡುವವರ ಸಾಲದ ಪೂರ್ವಾಪರ ಮೊದಲು ಗೊತ್ತಾಗಬೇಕು. ಸಾಲದಲ್ಲಿ ಮುಳುಗಿದವರನ್ನು ಕ್ಯಾಶ್ ಕೌಂಟರಿನ ಹತ್ತಿರ ಬಿಡುವುದು ಅಪಾಯ ಎನ್ನುತ್ತದೆ ಕಂಪನಿ. ಕೇಳಿದಾಗ ಹೌದಲ್ಲ ಅನ್ನಿಸುತ್ತದೆ. ಪೊಲೀಸರ ಸರ್ಟಿಫಿಕೇಟು ಎರಡೇ ದಿನದಲ್ಲಿ ಬಂತು. ಸಾಲದ ತಪಾಸಣೆ ಮಾತ್ರ ಪಾಸಾಗಲಿಲ್ಲ. ಆಗಸ್ಟ್ ಮುಗಿಯುವುದರೊಳಗೆ ಪಾಸಾಗದಿದ್ದರೆ ಈ ಕೆಲಸಕ್ಕೆ ಬೇರೆಯವರು ಬರುತ್ತಾರೆ. ಅಲ್ಲಿಯವರೆಗೆ ಹೊರಗಡೆಯಷ್ಟೇ ಗುಡಿಸಲಿ ಎಂದು ಶಾಖೆಯ ಅಧಿಕಾರಿ ಭಾನು ತಮ್ಮ ಕೈಯಿಂದಲೇ ದಿನಗೂಲಿ ಕೊಡುತ್ತಿದ್ದಾರೆ.

"ಸಾಲದ ವಿಷಯ ನಮಗೆ ಗೊತ್ತಾಗಲ್ಲ ಅಂದ್ರೆ ಯಾರಿಗೆ ಗೊತ್ತಾಗುತ್ತೆ ಹೇಳಿ, ನಾವೇ ಬ್ಯಾಂಕಿನೋರು," ಎಂದು ಭಾನು ನಗುತ್ತಾರೆ. ಆ ನಗೆಯಲ್ಲೂ ಗೊಂದಲವೇ. "ಒಂದು ದಿನ ಐನೂರರ ನೋಟು ಬಿದ್ದಿತ್ತು ಅಂತ ತಂದುಕೊಟ್ಟೋರು ಇವರು. ಅದನ್ನ ಬರೆದು ಕಳಿಸಿದೆ. ಅದಕ್ಕೆ ಅವರಲ್ಲಿ ಕಾಲಮ್ಮೇ ಇಲ್ವಂತೆ."

ಪುಟ್ಟಸಿದ್ದಮ್ಮ ಉಮ್ಮತ್ತೂರಿನವರು. ಬೆಳಗಿನ ಮೊದಲ ಬಸ್ಸಿಗೆ ಬಂದು ಮಧ್ಯಾಹ್ನದ ಬಸ್ಸಿಗೆ ಹಿಂತಿರುಗುತ್ತಾರೆ. ಗಂಡ ಮರಿಯಯ್ಯ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದವರು, ಧೂಳು ಕುಡಿದೂ ಕುಡಿದೂ ಉಬ್ಬಸ ಹಿಡಿಸಿಕೊಂಡು ಮನೆಯಲ್ಲಿದ್ದಾರೆ. ಮಗಳು ಪವಿತ್ರ ಪಿಯುಸಿಗೆ ಹೋಗುತ್ತಿದ್ದಾಳೆ. ಇರುವುದು ಅರ್ಧ ಎಕರೆ ಖುಷ್ಕಿ. ಅದರಲ್ಲಿ ರಾಗಿ, ನಡುನಡುವೆ ಅವರೆ ಸಾಲು. ಮನೆಗೆ ತಿಂಗಳು ತಿಂಗಳು ಬರುವ ಕಾಸೆಂದರೆ ಬ್ಯಾಂಕಿನ ಸಾವಿರದ ಎಂಟುನೂರು ಒಂದೇ. ಗಂಡನ ಮಾತ್ರೆ, ಮಗಳ ಬಸ್ ಪಾಸು ಎಲ್ಲ ಅದರಲ್ಲೇ. ಆ ಕೆಲಸ ಹೋದರೆ ಮಗಳು ಪುಸ್ತಕ ಮಡಚಿಟ್ಟು ಕೂಲಿಗೆ ಹೊರಡಬೇಕು. ಅದೊಂದು ಆಗಬಾರದು ಎಂಬುದು ತಾಯಿಯ ಹಟ.

ಇಷ್ಟೆಲ್ಲ ತಾಪತ್ರಯದ ನಡುವೆಯೂ ಪುಟ್ಟಸಿದ್ದಮ್ಮ ಬ್ಯಾಂಕಿನಿಂದಾಗಲಿ ಸಂಘದಿಂದಾಗಲಿ ಒಂದು ಪೈಸೆ ಸಾಲ ಎತ್ತಿದವರಲ್ಲ. ಕಂಪನಿಯವರು ಕಂಪ್ಯೂಟರಿನಲ್ಲಿ ಹುಡುಕಿದಾಗ ಅವರ ಹೆಸರಿನ ಮುಂದೆ ಏನೂ ಬರಲಿಲ್ಲ. ಇದೇ ಮೊದಲ ತೊಡಕು. ಸಾಲ ತಗೊಂಡು ಸರಿಯಾಗಿ ಕಟ್ಟಿದವರು ಪಾಸು, ಕಟ್ಟದವರು ಫೇಲು. ತಗೊಳ್ಳದೇ ಇದ್ದವರು ಏನೆಂದು ಕಂಪ್ಯೂಟರಿಗೇ ತಿಳಿಯದು.

"ಸಾಲ ಮಾಡ್ದೆ ಬದುಕ್ದೋಳು ಅಂದ್ರೆ ಒಳ್ಳೇದಲ್ವಾ ಸಾ? ಒಂದ್ಸಾಲ ಮಾಡಿದ್ರೆ ಚೆಂದಾಗಿತ್ತು ಅಂದ್ಬುಟ್ರು. ನಂಗೊಂದೂ ಗೊತ್ತಾಗ್ನಿಲ್ಲ," ಎನ್ನುತ್ತಾರೆ ಪುಟ್ಟಸಿದ್ದಮ್ಮ.

ಕಂಪ್ಯೂಟರ್ ಕೈಕೊಟ್ಟ ಮೇಲೆ ಊರಿನಲ್ಲೇ ವಿಚಾರಿಸಿ ಬಾ ಎಂದು ಕಂಪನಿ ಶಂಕರ್ ಎಂಬ ಯುವಕನನ್ನು ಬೈಕಿನಲ್ಲಿ ಕಳಿಸಿತು. ಗುಂಡ್ಲುಪೇಟೆ ಪೇಟೆಯಲ್ಲೇ ಹುಟ್ಟಿ ಬೆಳೆದ ಹುಡುಗ, ಗದ್ದೆ ಹೊಲ ಕಂಡವನಲ್ಲ. ಅವನು ಮೊದಲು ಹೋಗಿ ನಿಂತದ್ದು ಪಕ್ಕದ ಮನೆಯ ಚಿಕ್ಕಮಲ್ಲಮ್ಮನ ಜಗಲಿಯ ಮುಂದೆ. ಪುಟ್ಟಸಿದ್ದಮ್ಮ ಯಾರಿಗಾದರೂ ಏನಾದರೂ ಕೊಡಬೇಕೇ ಎಂದು ಕೇಳಿದ. ಚಿಕ್ಕಮಲ್ಲಮ್ಮನ ಮುಖ ಅರಳಿತು. "ಊಂ ಕಣಪ್ಪ, ನಮ್ಗೇ ಮೂರಾಳ್ ಕೊಡ್ಬೇಕು!" ಎಂದರು. ಎದುರು ಮನೆಯವರು ಬಿಡುತ್ತಾರೆಯೇ? ನಮಗೂ ಎರಡಾಳು ಬರಬೇಕು ಎಂದರು. ಹಿಂದಿನ ಬೀದಿಯವರು ತಾವಾಗಿಯೇ ಬಂದು ಹೇಳಿದರು. ಹೀಗೆ ಏಳು ಮನೆ. ಶಂಕರ್ ಒಂದಾಳಿನ ಕೂಲಿ ಎಷ್ಟೆಂದು ಕೇಳಿಕೊಂಡು, ಗುಣಿಸಿ, ಏಳು ಮನೆಗೆ ಖಾಸಗಿ ಸಾಲ, ಯಾವತ್ತು ತೀರಿಸುತ್ತಾರೋ ಗೊತ್ತಿಲ್ಲ ಎಂದು ಬರೆದುಕೊಂಡು ಹೋದ.

ಮುಯ್ಯಾಳು ಕಂಡಿರದ ಓದುಗರಿಗೆ ಇಲ್ಲಿ ಒಂದು ಮಾತು ಹೇಳಲೇಬೇಕು. ಕೂಲಿಗೆ ಕಾಸಿಲ್ಲದವರು ಈ ಸೀಮೆಯಲ್ಲಿ ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗುತ್ತಾರೆ. ಇವತ್ತು ನಾನು ನಿಮ್ಮ ಅರಿಶಿನದ ಕಳೆ ಕಿತ್ತರೆ ನಾಳೆ ನೀವು ನನ್ನ ರಾಗಿ ಹೊಲಕ್ಕೆ ಬರುತ್ತೀರಿ. ಕೊಡಬೇಕಾದದ್ದು ದುಡ್ಡಲ್ಲ, ಒಂದು ದಿನದ ದುಡಿಮೆ. ಅದೇ ಒಂದಾಳು. ಲೆಕ್ಕವೆಲ್ಲ ಬಾಯಲ್ಲೇ. ಒಂದೆರಡು ಆಳು ಯಾವಾಗಲೂ ಆ ಕಡೆಗೋ ಈ ಕಡೆಗೋ ಉಳಿದೇ ಇರುತ್ತದೆ, ಬೇಕೆಂದೇ ಉಳಿಸಿಕೊಂಡಿರುತ್ತಾರೆ. ನಮಗೆ ಆಳು ಕೊಡಬೇಕು ಎಂದರೆ ನಮ್ಮವಳು ಎಂದರ್ಥ. ಲೆಕ್ಕ ಪೂರಾ ಚುಕ್ತಾ ಆದ ಮನೆಗಳೆಂದರೆ ಮಾತು ಬಿಟ್ಟ ಮನೆಗಳು. ಹಾಗಾಗಿ ಅಂದು ಏಳು ಮನೆಯವರೂ ಪೈಪೋಟಿಯ ಮೇಲೆ ಪುಟ್ಟಸಿದ್ದಮ್ಮನನ್ನು ಹೊಗಳಿದ್ದಾರೆ. ಹೊಗಳಿ ಹೊಗಳಿ ಕೆಲಸ ಕಳೆದಿದ್ದಾರೆ.

ಜುಲೈ ಕೊನೆಯಲ್ಲಿ ಪುಟ್ಟಸಿದ್ದಮ್ಮನ ಜೊತೆ ನಾನೂ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಹೋಗುತ್ತೇನೆ. ಊಟಿ ರಸ್ತೆಯ ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿ ಕಂಪನಿಯ ಕಚೇರಿ. ಮ್ಯಾನೇಜರ್ ಗುರುಸ್ವಾಮಿ ಒರಟರೇನಲ್ಲ. ಕುರ್ಚಿ ಕೊಟ್ಟು, ಕಾಫಿ ತರಿಸಿ, ಪುಟ್ಟಸಿದ್ದಮ್ಮ ಹೇಳಿದ್ದನ್ನೆಲ್ಲ ಕೇಳುತ್ತಾರೆ.

"ನಂದೂ ಚಂದಕವಾಡಿ ಕಣಮ್ಮ. ನಮ್ಮವ್ವನೂ ಮುಯ್ಯಾಳಿಗೆ ಹೋಗೋಳು. ನಂಗೆ ಅರ್ಥ ಆಯ್ತದೆ. ಆದ್ರೆ ಮೇಲಿನೋರಿಗೆ ಏನಂತ ಬರೀಲಿ? ಬಾಕಿ ಅದೆ ಅಂತ ಒಂದ್ಸಲ ಹೋಗ್ಬುಟ್ಟದೆ."

"ಅಂಗಾರೆ ಆ ಆಳ್ಗಳ್ನೆಲ್ಲ ತೀರ್ಸ್ಬುಡ್ತೀನಿ ಸಾ. ಒಂದ್ ನಾಕಾಳ್ ಎಚ್ಚಾಗೇ ಮಾಡ್ತೀನಿ, ಅವ್ರೇ ನಂಗೆ ಕೊಡೋ ಅಂಗೆ."

ಗುರುಸ್ವಾಮಿ ಗಾಬರಿಯಾಗುತ್ತಾರೆ. "ಅಯ್ಯೋ, ಅದೂ ಆಗಲ್ಲಮ್ಮ! ಬೇರೆಯವರು ನಿಮಗೆ ಕೊಡಬೇಕು ಅಂದ್ರೆ ನೀವು ಲೇವಾದೇವಿ ನಡೆಸ್ತೀರಿ ಅಂತಾಯ್ತದೆ. ಅದಕ್ಕೂ ಒಂದು ಕಾಲಂ ಅದೆ. ನೀವು ಕೊಡಬಾರದು, ಅವರೂ ಕೊಡಬಾರದು. ಏಳು ಮನೆಯೋರೂ ನಮ್ಗೂ ಅವ್ಳಿಗೂ ಏನೂ ಇಲ್ಲ ಅಂತ ಹೇಳ್ಬೇಕು. ಶಂಕರ್‌ನ ಇನ್ನೊಂದ್ಸಲ ಕಳಿಸ್ತೀನಿ."

ವಾಪಸ್ ಬರುವಾಗ ಬಸ್ಸು ತೆರಕಣಾಂಬಿ ದಾಟಿದ ಮೇಲೆ ಪುಟ್ಟಸಿದ್ದಮ್ಮ ನನ್ನ ಕಡೆ ತಿರುಗಿ, "ಆ ಮಾತ್ನ ಅವ್ರ್ ಬಾಯಲ್ಲಿ ಎಂಗ್ ಏಳ್ಸ್ಲಿ ಸಾ?" ಎಂದು ಕೇಳುತ್ತಾರೆ. ಉಮ್ಮತ್ತೂರಿನಲ್ಲಿ ಆ ಮಾತನ್ನು ಕೊನೆಯ ಸಲ ಆಡಿದವರು ಭಾಗ ಹಂಚಿಕೊಂಡ ಅಣ್ಣತಮ್ಮಂದಿರಂತೆ. ಒಬ್ಬರ ಮನೆಯ ಮಗುವಿನ ನಾಮಕರಣಕ್ಕೆ ಇನ್ನೊಬ್ಬರು ಬಂದಿಲ್ಲ.

ಮುಂದಿನ ಎರಡು ವಾರ ಬ್ಯಾಂಕಿನ ಮೆಟ್ಟಿಲು ಗುಡಿಸಿ ಹೋದ ಮೇಲೆ ಪುಟ್ಟಸಿದ್ದಮ್ಮ ಹೊಲದಿಂದ ಹೊಲಕ್ಕೆ ಓಡಾಡುತ್ತಾರೆ. ಮೂರಾಳು, ಎರಡಾಳು, ಒಂದಾಳು, ಎಲ್ಲ ತೀರಿಸುತ್ತಾರೆ. ಕೆಲಸ ಮಾಡುವುದು ಅವರಿಗೆ ಕಷ್ಟವಲ್ಲ. ಆರು ಮನೆಯವರು ಕೊನೆಗೆ ಒಪ್ಪುತ್ತಾರೆ, ಮಗಳ ಓದು ನಿಲ್ಲಬಾರದಲ್ಲ ಎಂದು. ಚಿಕ್ಕಮಲ್ಲಮ್ಮ ಮಾತ್ರ ಕೇಳುವುದೇ ಇಲ್ಲ.

"ನಿನ್ ಒಳ್ಳೇದಕ್ಕೇ ಏಳ್ದೆ ಕಣಮ್ಮಿ, ಅದೇ ಎಡವಟ್ಟಾಯ್ತು. ಈಗ ಏನೂ ಇಲ್ಲ ಅನ್ನು ಅಂತೀಯ. ನಿನ್ ಬಾಣಂತನ ಮಾಡ್ದೋಳು ನಾನು. ನನ್ ಬಾಯಲ್ಲಿ ಆ ಮಾತ್ ಬರಕ್ಕಿಲ್ಲ, ಓಗು."

ಆಗಸ್ಟ್ ಮೂರನೆಯ ವಾರ ಶಂಕರ್ ಮತ್ತೆ ಬರುತ್ತಾನೆ. ಮೊದಲ ಸಲ ಎಲ್ಲಿ ತಪ್ಪಿದೆನೆಂದು ಅವನಿಗೆ ಇನ್ನೂ ಅರ್ಥವಾಗಿಲ್ಲ. "ಅವರು ಕೊಡಬೇಕು ಅಂದ್ರು, ನಾನು ಬರ್ಕೊಂಡೆ. ನಗ್ತಾ ನಗ್ತಾ ಹೇಳಿದ್ರು ಸಾರ್, ಅದೇ ನಂಗೂ ಒಂಥರ ಅನ್ನಿಸ್ತು," ಎಂದು ನನ್ನ ಹತ್ತಿರ ಹೇಳಿಕೊಳ್ಳುತ್ತಾನೆ. ಈ ಸಲ ಯಾರೂ ನಗುತ್ತಿಲ್ಲ. ಆರು ಮನೆಯವರು ನೆಲ ನೋಡಿಕೊಂಡು "ಏನೂ ಇಲ್ಲ" ಎಂದು ಹೇಳಿ ಒಳಗೆ ಹೋಗುತ್ತಾರೆ.

ಏಳನೆಯದು ಚಿಕ್ಕಮಲ್ಲಮ್ಮನ ಮನೆ. ಶಂಕರ್ ಕೇಳುತ್ತಾನೆ. ಚಿಕ್ಕಮಲ್ಲಮ್ಮ ಬಾಗಿಲ ಚೌಕಟ್ಟು ಹಿಡಿದು ಬೀದಿಯ ಕಡೆ ನೋಡುತ್ತಾರೆ. ಬೀದಿಯಲ್ಲಿ ನಿಂತ ಪುಟ್ಟಸಿದ್ದಮ್ಮ ತಡೆಯಲಾರದೆ, "ಏಳ್ಬುಡಕ್ಕ, ಮಗಿನ್ ಮೊಕ ನೋಡಿ ಏಳ್ಬುಡು," ಎನ್ನುತ್ತಾರೆ.

"ನಮ್ಗೂ ಅವ್ಳ್ಗೂ ಏನೂ ಇಲ್ಲ ಕಣಪ್ಪ," ಎನ್ನುತ್ತಾರೆ ಚಿಕ್ಕಮಲ್ಲಮ್ಮ. ಬಾಗಿಲು ಹಾಕಿಕೊಳ್ಳುತ್ತಾರೆ. ನಾನೇ ಏನೋ ಮಾಡಬಾರದ್ದನ್ನು ಮಾಡಿಸಿದ ಹಾಗೆ ಅನ್ನಿಸುತ್ತದೆ.

ತಪಾಸಣೆ ಪಾಸಾಯಿತು. ಪುಟ್ಟಸಿದ್ದಮ್ಮನ ಕುತ್ತಿಗೆಯಲ್ಲಿ ಈಗ ಫೋಟೊ ಇರುವ ಕಾರ್ಡಿದೆ. ಮೇಜುಗಳ ಕೆಳಗಿನ ಕಸವೆಲ್ಲ ಹೋಗಿದೆ, ನೆಲದಲ್ಲಿ ಫಿನೈಲ್ ವಾಸನೆ. ಸಂಬಳ ಎರಡು ಸಾವಿರದ ಆರುನೂರು. ಆದರೆ ತಪಾಸಣೆ ವರ್ಷಕ್ಕೊಂದು ಸಲ ಇರುತ್ತದೆಂದು ಕಂಪನಿ ಹೇಳಿದೆ, ಆ ಸುದ್ದಿ ಊರಿಗೂ ಮುಟ್ಟಿದೆ. ಅವಳನ್ನು ಕರೆದರೆ ಬಾಕಿಯಾಗುತ್ತದೆ, ಅವಳ ಹೊಲಕ್ಕೆ ಹೋದರೂ ಬಾಕಿಯಾಗುತ್ತದೆ, ನಮ್ಮಿಂದ ಯಾಕೆ ಅವಳ ಕೆಲಸ ಕೆಡಬೇಕು ಎಂದು ಎಲ್ಲರೂ ದೂರ ನಿಂತಿದ್ದಾರೆ. ಅವರದು ಕೋಪವಲ್ಲ, ಪ್ರೀತಿಯೇ. ಅದಕ್ಕೇ ಯಾರನ್ನು ಬೈಯಬೇಕೆಂದು ತಿಳಿಯುವುದಿಲ್ಲ.

ಭಾನುವಾರ ನಾನು ಹೋದಾಗ ಪುಟ್ಟಸಿದ್ದಮ್ಮ ತಮ್ಮ ರಾಗಿ ಹೊಲದಲ್ಲಿ ಒಬ್ಬರೇ ಕಳೆ ಕೀಳುತ್ತಿದ್ದಾರೆ. ಮೊಣಕಾಲುದ್ದ ಕಳೆ. ಆರೇಳು ಜನ ಸೇರಿ ಮಾತಾಡುತ್ತಾ ಒಂದೇ ದಿನದಲ್ಲಿ ಮುಗಿಸುತ್ತಿದ್ದ ಕೆಲಸ ಅರ್ಧವೂ ಆಗಿಲ್ಲ. ಅಷ್ಟರಲ್ಲಿ ಚಿಕ್ಕಮಲ್ಲಮ್ಮ ಬದುವಿನ ಮೇಲೆ ಬಂದು ನಿಲ್ಲುತ್ತಾರೆ, ಕೈಯಲ್ಲಿ ಕುಡುಗೋಲಿದೆ. ಹೊಲಕ್ಕೆ ಇಳಿಯುವುದಿಲ್ಲ. ನನ್ನನ್ನು ನೋಡಿ, "ಸಾಮಿ, ನೀವು ಓದ್ದೋರು. ನಾನು ಇಳುದ್ರೆ ಅವ್ಳ್ಗೇನಾರ ತೊಂದ್ರೆ ಆದದಾ?" ಎಂದು ಕೇಳುತ್ತಾರೆ.

ಇಳಿಯಿರಿ ಎನ್ನಬೇಕೋ ಬೇಡ ಎನ್ನಬೇಕೋ ನನಗೆ ನಿಜವಾಗಿಯೂ ಗೊತ್ತಾಗಲಿಲ್ಲ. ಚಿಕ್ಕಮಲ್ಲಮ್ಮ ಕುಡುಗೋಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂದ ದಾರಿಯಲ್ಲೇ ಹೊರಟುಹೋದರು.

ಪುಟ್ಟಸಿದ್ದಮ್ಮ ತಲೆ ಎತ್ತಲೇ ಇಲ್ಲ. ಹಿಡಿದ ಸಾಲು ಮುಗಿಸಿ, ಕೈ ಕೊಡವಿಕೊಂಡು, ನನ್ನ ಹತ್ತಿರ ಬಂದು ಕೂತರು. ಇಂಥ ಲೇಖನಗಳಲ್ಲಿ ಕೊನೆಗೆ ಕೇಳಲೇಬೇಕಾದ ಪ್ರಶ್ನೆಯನ್ನು ನಾನು ಅಳುಕುತ್ತಲೇ ಕೇಳಿದೆ: ನಿಮಗೆ ಇನ್ನೇನು ಆಸೆ ಇದೆ?

"ನಂಗ್ಯಾನ್ ಆಸೆ ಸಾ. ಕೆಲ್ಸ ಸಿಕ್ತು, ಮಗು ಓದ್ತದೆ. ಸುಳ್ ಏಳ್ಬಾರ್ದು, ನೆಮ್ದಿಯಾಗೇ ಇವ್ನಿ," ಎಂದರು. ಚಿಕ್ಕಮಲ್ಲಮ್ಮ ಹೋದ ದಾರಿಯ ಕಡೆ ಕೈ ತೋರಿಸಿದರು. "ಅಕ್ಕ ಒಂದಿನ ನನ್ ಬಾಕ್ಲಲ್ ನಿಂತ್ಕಂಡು, ಲೇ ಅಮ್ಮಿ, ನಮ್ಗೆ ಎಲ್ಡಾಳ್ ಕೊಡ್ಬೇಕು, ಯಾವಾಗ್ಲೇ ಕೊಡೀಯೆ ಅಂತ ಊರ್ಗೆಲ್ಲ ಕೇಳಂಗೆ ಬೈಬೇಕು ಸಾ. ಅಷ್ಟೆಯ."