ಒಂಬತ್ತನೇ ಎಣಿಕೆ

ಅಥವಾ, ಹಾಡಿನ ಕಥೆ ಹೇಳಿದ ಆ ತಾತನಿಗೆ ಹತ್ತೂ ಬೆರಳುಗಳಿದ್ದವು ಎಂಬುದನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ. ಎಣಿಸಲು ಶುರುಮಾಡಿದ್ದು ನೆನಪಿದೆ. ಎಣಿಸಿ ಮುಗಿಸಿದ್ದು ನೆನಪಿಲ್ಲ.

ಹೋದ ವರ್ಷದ ಮಾತು. ಪೀಣ್ಯದ ನಮ್ಮ ಕ್ರೈಸ್ತ ಸಭೆ, ಲೋಹಕ್ಕೆ ಲೇಪ ಹಾಕುವ ಒಂದು ಪ್ಲೇಟಿಂಗ್ ಕಾರ್ಖಾನೆಯ ಮೇಲಿನ ಶೀಟಿನ ಹಾಲ್‌ನಲ್ಲಿ ಕೂಡುತ್ತದೆ. ಭಾನುವಾರವೂ ಆಸಿಡ್ ವಾಸನೆ ಹೋಗುವುದಿಲ್ಲ. ಅಲ್ಲಿ ನಾನು ಕೀಬೋರ್ಡ್ ನುಡಿಸುತ್ತೇನೆ. ಹಾಡಿನ ಪುಸ್ತಕವನ್ನು ಮರುಮುದ್ರಿಸಲು ಹೊರಟ ಪಾಸ್ಟರ್, ಪ್ರತಿ ಹಾಡಿನ ಕೆಳಗೆ ಬರೆದವರು ಯಾರು, ರಾಗ ಹಾಕಿದವರು ಯಾರು ಎಂದು ಸೇರಿಸುವ ಕೆಲಸವನ್ನು ನನಗೆ ಒಪ್ಪಿಸಿದರು. ಸಿಗದೆ ಉಳಿದದ್ದು ಒಂದೇ: ಬಾವಿಯ ಬಳಿ ಕೂತು ನೀರು ಕೇಳುವ ಕರ್ತನ ಹಾಡು.

ಆ ಹಾಡು ನನಗೆ ಮೊದಲಿನಿಂದಲೂ ತೊಂದರೆ. ಪ್ರತಿ ಸಾಲಿನಲ್ಲೂ ಎಂಟು ಎಣಿಕೆ ಹಾಡಿ, ಒಂಬತ್ತನೆಯದಕ್ಕೆ ಎಲ್ಲರೂ ಬಾಯಿ ಮುಚ್ಚುತ್ತಿದ್ದರು. ಕೀಬೋರ್ಡಿನ ರಿದಮ್ ಎಂಟಕ್ಕೇ ತಿರುಗುತ್ತದೆ. ಹಾಗಾಗಿ ಪುಸ್ತಕದ ಮಾತು ಬರುವ ಕೆಲವು ತಿಂಗಳ ಮೊದಲೇ ನಾನು ಆ ಖಾಲಿ ಎಣಿಕೆಯನ್ನು ತೆಗೆದುಹಾಕಿದ್ದೆ. ಎರಡು ವಾರ ಜನ ತಡವರಿಸಿದರು. ಆಮೇಲೆ ಚಪ್ಪಾಳೆ ತಟ್ಟಿ ಹಾಡತೊಡಗಿದರು. ಎಲ್ಲರಿಗಿಂತ ಜೋರು ನನ್ನ ಅಣ್ಣ. ಅವನು ಪವರ್ ಪ್ರೆಸ್ ಆಪರೇಟರ್: ತಗಡನ್ನು ಅಚ್ಚಿನ ಮೇಲಿಟ್ಟು ಪೆಡಲ್ ತುಳಿದರೆ ಮೇಲಿನಿಂದ ಕಬ್ಬಿಣ ಇಳಿದು ಕತ್ತರಿಸುವ ಯಂತ್ರ. ಮನೆಯಲ್ಲಿ, ಬಸ್ಸಿನಲ್ಲಿ, ಪ್ರೆಸ್ಸಿನ ಮುಂದೆ, ಅವನು ಹಾಡದ ಜಾಗವಿಲ್ಲ.

ಹಾಡು ಯಾರದೆಂದು ಕೇಳಿದಾಗ ಸಭೆಯವರು, ನಮ್ಮಲ್ಲಿಗೆ ಹಿಂದೆ ಬರುತ್ತಿದ್ದ ತಾತನನ್ನು ಕೇಳು ಅಂದರು. ಅವರೂ ಹಿಂದೆ ಪ್ರೆಸ್ ಆಪರೇಟರ್. ಮಂಡಿನೋವಿನಿಂದ ನಮ್ಮ ಮೆಟ್ಟಿಲು ಹತ್ತದೆ ವರ್ಷವಾಗಿತ್ತು. ಮನೆಗೇ ಹೋದೆ.

"ಪದ ನಮ್ ಶೆಡ್ ಗುಡಿಸ್ತಿದ್ದ ಅಮ್ಮಂದು," ಅಂದರು. "ಓದಕ್ಕೆ ಬರ್ತಿರ್ಲಿಲ್ಲ. ಅವ್ಳು ಹೇಳೋಳು, ನಾನು ಪ್ಯಾಕಿಂಗ್ ರಟ್ಟಿನ್ ಮೇಲೆ ಗೀಚ್ಕಳೋನು."

"ರಾಗ?"

"ಹಾಡು ನೋಡಾನ. ಮರ್ತೋಗದೆ."

ನಾನು ನುಡಿಸುವ ಹಾಗೆಯೇ ಹಾಡಿದೆ. ಮೊದಲ ಸಾಲು ಮುಗಿದು ಎರಡನೆಯದು ಶುರುವಾಗುತ್ತಿದ್ದಂತೆ, ಮೇಜಿನ ಮೇಲಿದ್ದ ಅವರ ಬಲಗೈ ಚಟ್ಟನೆ ಹಿಂದಕ್ಕೆ ಸರಿಯಿತು. ಲೋಟ ಉರುಳಿ ಟೀ ಚೆಲ್ಲಿತು. ಟೀ ಎಂದು ಬರೆದಿದ್ದೇನೆ. ಲೋಟ ಖಾಲಿ ಇದ್ದಿರಲೂಬಹುದು. ಕೈ ಹಿಂದೆ ಬಂದದ್ದು ಮಾತ್ರ ನಿಜ.

"ಯಾರ್ ಕಲಿಸಿದ್ರು ಇದ್ನ?"

"ಯಾರೂ ಇಲ್ಲ ತಾತ. ನಾನೇ ಸರಿ ಮಾಡ್ಕೊಂಡೆ."

"ಸರಿ ಮಾಡ್ಕೊಂಡ್ಯಾ." ಉರುಳಿದ ಲೋಟವನ್ನು ಎತ್ತಿ ನಿಲ್ಲಿಸಿದರು. "ಮೊದ್ಲು ಅಂಗೇ ಇತ್ತು ಕಣವ್ವ. ಪಕ್ಕದ್ ಪ್ರೆಸ್ಸಲ್ಲಿದ್ದೋನು ಕಟ್ಟಿದ್ ರಾಗ. ಸಕ್ಕತ್ತಾಗಿ ಓಡೋದು, ಪೀಸ್ ಜಾಸ್ತಿ ಬೀಳೋದು. ಇಬ್ರೂ ಅದನ್ನೇ ಹಾಡ್ಕಂಡ್ ಕೆಲ್ಸ ಮಾಡ್ತಿದ್ವಿ. ಸಾಲ್ ಹಾಡ್ತಾ ತಗಡು ಒಳಗಿಡೋದು. ಮುಂದಿನ್ ಸಾಲಿನ್ ಮೊದಲ್ನೇ ಅಕ್ಷರಕ್ಕೆ ಪೆಡಲ್ ತುಳಿಯೋದು."

"ಕೈ ಯಾವಾಗ ಆಚೆ ತೆಗೀತಿದ್ರಿ?"

"ಅದೇ," ಅಂದರು. "ಅವನ್ ಕೈಗೆ ಅಂಗಾದ್ಮೇಲೆ ನಾನು ಒಂದ್ ಎಣಿಕೆ ಸುಮ್ಕಿರೋದು ಸೇರಿಸ್ದೆ. ಕೈ ಆಚೆ ಬರ್ಲಿ ಅಂತ. ಎಣಿಸ್ಕೋ." ಎರಡೂ ಕೈಗಳನ್ನು ಮೇಜಿನ ಮೇಲೆ ಹರಡಿದರು.

ಸಂಜೆ ಊಟಕ್ಕೆ ಕೂತ ಅಣ್ಣನಿಗೆ ಎಲ್ಲವನ್ನೂ ಹೇಳಿದೆ.

"ಈಗ ಸೆನ್ಸರ್ ಇದೆ ಕಣೇ. ಕೈ ಒಳಗಿದ್ರೆ ಪ್ರೆಸ್ ಇಳಿಯಲ್ಲ. ತಾತ ಯಾವ್ ಕಾಲದಲ್ಲಿದಾರೋ."

"ಯಾವಾಗ್ಲೂ ಆನ್ ಇರುತ್ತಾ?"

ಅವನು ತಟ್ಟೆಯಿಂದ ತಲೆ ಎತ್ತಲಿಲ್ಲ. "ಟಾರ್ಗೆಟ್ ಇದ್ದಾಗ ಆಫ್ ಮಾಡ್ತಾರೆ."

"ಪ್ರೆಸ್ ಮುಂದೆ ಹಾಡ್ಬೇಡ."

"ಬಾಯಿಗೆ ಟೇಪ್ ಸುತ್ಕೊಂಡ್ ಹೋಗ್ತೀನಿ ಬಿಡು, ಮೇಡಂ."

ಮುಂದಿನ ಭಾನುವಾರ ರಿದಮ್ ಆಫ್ ಮಾಡಿ, ಒಂಬತ್ತನೇ ಎಣಿಕೆಗೆ ಬೆರಳು ಎತ್ತಿದೆ. ಹಾಲ್ ನಿಲ್ಲಲಿಲ್ಲ. ನಾನು ಬಿಟ್ಟ ಜಾಗಕ್ಕೆ ಅಷ್ಟೂ ಗಂಟಲುಗಳು ಒಟ್ಟಿಗೆ ಇಳಿದವು. ಪಾಸ್ಟರ್ ನನ್ನತ್ತ ನೋಡಿದರು, ನಾನೇ ತಪ್ಪಿದೆನೆಂದು. ಜನರ ಮೂರನೇ ಸಾಲಿನಲ್ಲಿ ನಿಂತಿದ್ದ ಅಣ್ಣ ಕಣ್ಣು ಮುಚ್ಚಿ ಚಪ್ಪಾಳೆ ತಟ್ಟುತ್ತಿದ್ದ. ಆಮೇಲೂ ಎಷ್ಟೋ ವಾರ ಪ್ರಯತ್ನಿಸಿದೆ. ನಾನು ಕಲಿಸಿದ್ದನ್ನು ನನ್ನಿಂದ ವಾಪಸ್ ತೆಗೆದುಕೊಳ್ಳಲಾಗಲಿಲ್ಲ.

ಪುಸ್ತಕ ಅಚ್ಚಾಗಿದೆ. ಬರೆದವರು: ಶೆಡ್ ಗುಡಿಸುತ್ತಿದ್ದ ಒಬ್ಬ ತಾಯಿ. ರಾಗ: ಪ್ರೆಸ್ ನಡೆಸುತ್ತಿದ್ದ ಇಬ್ಬರು. ಪ್ರತಿ ಸಾಲಿನ ಕೊನೆಗೆ 'ನಿಲ್ಲಿ' ಎಂದು ಸಣ್ಣ ಅಕ್ಷರದಲ್ಲಿ ಹಾಕಿಸಿದ್ದೇನೆ. ಬಾಯಿಪಾಠ ಬರುವ ಹಾಡಿಗೆ ಯಾರೂ ಪುಸ್ತಕ ತೆರೆಯುವುದಿಲ್ಲ.

ಮೊದಲ ರಾಗ ಕಟ್ಟಿದವನು ಕಳೆದುಕೊಂಡದ್ದು ಬೆರಳನ್ನೋ, ಇಡೀ ಕೈಯನ್ನೋ, ನಾನು ಕೇಳಲಿಲ್ಲ. ಕೇಳೋಣವೆಂದರೆ ತಾತ ಈಗಿಲ್ಲ. ಅವರು ಹೇಳಿದ್ದು ನಡೆದದ್ದೇ, ಅಥವಾ ಹಾಡನ್ನು ಕೆಡಿಸಿದವಳನ್ನು ಹೆದರಿಸಲು ಆ ಕ್ಷಣಕ್ಕೆ ಹೊಳೆದದ್ದೇ, ಅದೂ ತಿಳಿಯದು. ಈ ವಾರ ಅಣ್ಣನದು ಬೆಳಗಿನ ಶಿಫ್ಟ್. ಶೂ ಕಟ್ಟಿಕೊಳ್ಳುವಾಗ ಅದನ್ನೇ ಗುನುಗುತ್ತಿದ್ದ. ಇವತ್ತು ಸೆನ್ಸರ್ ಆನ್ ಇದೆಯೋ ಇಲ್ಲವೋ, ಪ್ರೆಸ್ಸಿನ ಮುಂದೆ ಅವನು ಎಂಟು ಮುಗಿದೊಡನೆ ಪೆಡಲ್ ತುಳಿಯುತ್ತಾನೋ ಒಂಬತ್ತು ಕಾಯುತ್ತಾನೋ, ನನಗೆ ಗೊತ್ತಿಲ್ಲ.