ದೇವರ ಮುಂದೆ ಎಣ್ಣೆ ಟ್ರೇ

ಮಗಳಿಗೆ ನೋಡಿದ ವರನ ಮನೆಯಲ್ಲಿ, ದೇವರ ಜಗಲಿ ಮುಂದೆ, ನನ್ನ ಕಾರಿನ ಎಣ್ಣೆ ಟ್ರೇ ಕೂತಿತ್ತು. ಕುಂಕುಮ ಬೇರೆ ಹಚ್ಚಿದ್ದರು.

ನಗಬೇಡಿ, ಮೊದಲಿನಿಂದ ಹೇಳುತ್ತೇನೆ.

ನಮ್ಮಲ್ಲಿ ಅಪ್ಪನ ಕಾಲದ ಕಾರೊಂದಿದೆ. ವಯಸ್ಸು ಹೆಚ್ಚುಕಡಿಮೆ ನನ್ನಷ್ಟೇ. (ಮೊಣಕಾಲಿನ ತಕರಾರೂ ಅಷ್ಟೇ.) ಓಡುವಾಗ ಚಿಂತೆಯಿಲ್ಲ. ನಿಂತರೆ ಮಾತ್ರ ಎಂಜಿನ್ನಿನಿಂದ ತೊಟ್ಟು ತೊಟ್ಟು ಆಯಿಲ್. ಸೇಡಂ ರಸ್ತೆಯ ನಮ್ಮ ಮನೆಯಂಗಳದ ಶಹಾಬಾದಿ ಫರಸಿ ಕಲ್ಲಿನ ತುಂಬ ಕರಿ ಮಚ್ಚೆ.

ಕಳೆದ ವಾರ ಕಮಲಾಪುರಕ್ಕೆ ವರನ ಮನೆ ನೋಡಲು ಹೋಗಬೇಕಿತ್ತು. ಹೆಂಡತಿ ಹೇಳಿದಳು: “ಅವರು ಹೊಸಾ ಟೈಲ್ಸ್ ಹಾಕ್ಸ್ಯಾರಂತ. ನಿಮ್ಮ ಕಾರ ಅಲ್ಲಿ ಸೋರಿದ್ರ ನಮ್ಮ ಮಾನ ಏನು ಉಳೀತದ? ಬಸ್ಸಿಗೆ ಹೋಗೂಣು.”

ಮೊಮ್ಮಗಳ ಶುಭಕಾರ್ಯಕ್ಕೆ ಅಜ್ಜನ ಕಾರು ಬಿಟ್ಟು ಬಸ್ಸೇ? ಆಗದ ಮಾತು.

ಸೋರುವ ಆಯಿಲ್ ಹಿಡಿಯಲು ಕಾರಿನ ಕೆಳಗಿಡುವ ಟ್ರೇ ಒಂದನ್ನು ಮಾಡೋಣವೆಂದು, ಅಡುಗೆ ಎಣ್ಣೆಯ ಹದಿನೈದು ಕೆಜಿ ಖಾಲಿ ಡಬ್ಬಿ ಎತ್ತಿಕೊಂಡು ಕಪನೂರಿಗೆ ಹೋದೆ. ಅಲ್ಲಿ ತಗಡಿನ ಕೆಲಸದ ಮೆಹಬೂಬ್ ಭಾಯ್ ಕತ್ತರಿಯನ್ನು ನನ್ನ ಕೈಗೇ ಕೊಟ್ಟರು. “ಮೂಲಿ ಕತ್ತರಿಸಬ್ಯಾಡ್ರಿ ಸಾಹೇಬ್ರ, ಮಡಚ್ರಿ. ಕತ್ತರಿಸಿದ್ರ ಅಲ್ಲೇ ಸೋರ್ತದ.” ಡಬ್ಬಿ ಬಿಚ್ಚಿ, ಚಪ್ಪಟೆ ಮಾಡಿ, ಮೂಲೆ ಕತ್ತರಿಸದೆ ನಾಲ್ಕೂ ಅಂಚನ್ನು ಎರಡು ಬೆರಳೆತ್ತರ ಮಡಚಿ ಬಡಿದೆ. (ಹೆಬ್ಬೆರಳಿಗೂ ಒಂದೇಟು ಬಿತ್ತು.) ನೀರು ತುಂಬಿ ನೋಡಿದೆವು. ಒಂದು ಹನಿಯೂ ಸೋರಲಿಲ್ಲ. ತಳದಲ್ಲಿ ಡಬ್ಬಿಯ ಸೂರ್ಯಕಾಂತಿ ಹೂವಿನ ಚಿತ್ರ ಹಾಗೇ ಇತ್ತು. ಮೂವತ್ತು ವರ್ಷ ಆಫೀಸಿನಲ್ಲಿ ಬರೀ ಸಹಿ ಹಾಕಿದ ಕೈಗೆ ಅಂಥ ಖುಷಿ ಎಂದೂ ಸಿಕ್ಕಿರಲಿಲ್ಲ.

ಡಿಕ್ಕಿಯಲ್ಲಿದ್ದ ಸೀರೆ, ಹಣ್ಣಿಗೆ ತಗಡು ತಾಗದಿರಲಿ ಎಂದು ಹೆಂಡತಿ ಟ್ರೇಗೆ ಹೊಸ ಟವೆಲ್ ಸುತ್ತಿದಳು. ಎಡವಟ್ಟಾಗಿದ್ದು ಅಲ್ಲೇ.

ನಾವು ಕಾಲು ತೊಳೆದು ಒಳಗೆ ಹೋಗುವಷ್ಟರಲ್ಲಿ ಆ ಮನೆಯವರು ಡಿಕ್ಕಿ ಖಾಲಿ ಮಾಡಿ, ಟವೆಲ್ ಸುತ್ತಿದ ಟ್ರೇಯನ್ನೂ ಉಡುಗೊರೆಯೆಂದು ತಿಳಿದು, ಎಲ್ಲಕ್ಕೂ ಕುಂಕುಮ ಹಚ್ಚಿ ದೇವರ ಮುಂದಿಟ್ಟಿದ್ದರು. ಹೊರಗೆ ಕಾರು ತೊಟ್ಟಿಕ್ಕುತ್ತಿದೆ, ಒಳಗೆ ನಾನು ಚಹಾ ಕುಡಿಯುತ್ತಿದ್ದೇನೆ. ಟ್ರೇ ವಾಪಸ್ ಕೊಡಿ ಅಂತ ಹೇಗೆ ಕೇಳಲಿ?

ಬೀಗಿತ್ತಿಯೇ ಟವೆಲ್ ಬಿಚ್ಚಿದರು. “ಇಷ್ಟು ಉದ್ದನ್ನ ತಾಟು ಯಾತಕ್ರೀ?”

ಹೇಳಿದೆ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೀಗರು ಎದ್ದು ಹೋಗಿ ಕಾರಿನ ಕೆಳಗೆ ಬಗ್ಗಿ ನೋಡಿದರು. ಹೊಸ ಟೈಲ್ಸ್ ಮೇಲೆ ಅಂಗೈಯಗಲ ಕಲೆ. ಸಂಬಂಧ ಇಲ್ಲಿಗೆ ಮುಗಿಯಿತು ಅಂದುಕೊಂಡೆ.

“ಬರ್ರಿ ನನ್ನ ಜೋಡಿ,” ಎಂದು ಅವರು ನನ್ನನ್ನು ಹಿತ್ತಲಿಗೆ ಕರೆದೊಯ್ದು ತಾಡಪತ್ರಿ ಎತ್ತಿದರು. ಅವರಪ್ಪನ ಹಳೇ ಜೀಪು. ಅದರ ಕೆಳಗೆ ರೊಟ್ಟಿ ಹಿಟ್ಟು ನಾದುವ ಪರಾತ, ಅದರ ತುಂಬ ಕರಿ ಆಯಿಲ್!

“ಪರಾತ ಕಳದದ ಅಂತ ಮನಿಯಾಗ ಹೇಳೀನಿ,” ಎಂದು ಪಿಸುಗುಟ್ಟಿದರು. “ನನಗೂ ಒಂದು ಟ್ರೇ ಮಾಡಿಕೊಡ್ರಿ.”

ಹಿಂದೆ ಬಳೆ ಸದ್ದಾಯಿತು. ಬೀಗಿತ್ತಿ, ಪಕ್ಕದಲ್ಲಿ ನನ್ನ ಹೆಂಡತಿ. ಇಬ್ಬರೂ ಪರಾತ ನೋಡಿದರು, ನಮ್ಮನ್ನು ನೋಡಿದರು. ಆಮೇಲೆ ನಕ್ಕರು ನೋಡಿ, ಮದುವೆ ಗಟ್ಟಿಯಾಗಿದ್ದು ಆ ನಗುವಿನಲ್ಲೇ.

ವಾಪಸ್ ಬರುವಾಗ ಹೆಂಡತಿ ಕೇಳಿದಳು: “ಹುಡುಗನ ನೌಕರಿ ಕೇಳಿದ್ರಿ, ಗುಣ ಕೇಳಿದ್ರಿ. ಹಳೇ ಗಾಡಿ ಹುಚ್ಚು ಅದ ಏನಂತ ಕೇಳಿದ್ರೇನು?”

ಕೇಳಿಲ್ಲ. ಮಗಳಿಗೆ ಕೊಡುವ ಪಾತ್ರೆಗಳ ಪಟ್ಟಿಯಲ್ಲಿ ಎರಡು ಪರಾತ ಬರೆಸಿದ್ದೇನೆ.