ವಾರಂಟಿಗಾಗಿ ಬಿಚ್ಚಿದ ಹಿಡಿಕೆ

ವಾರಂಟಿ ಕಾರ್ಡು ಇವತ್ತಿಗೂ ನಮ್ಮ ಮನೆಯ ದೇವರ ಜಗುಲಿಯ ಮೇಲೆ, ಬೀರೋಬಾನ ಮುಖವಾಡದ ಹಿಂದೆ ಇದೆ. ಗಾಳದ ಕೋಲು ತಂದ ದಿನ ನಾನೇ ಅದಕ್ಕೆ ದೇವರ ಭಂಡಾರದ ಅರಿಶಿನ ಹಚ್ಚಿ ಅಲ್ಲಿಟ್ಟಿದ್ದೆ. ದೀಪ ಹಚ್ಚುವಾಗ ಅದು ಕಣ್ಣಿಗೆ ಬಿದ್ದರೆ ಮೈ ಉರಿಯುತ್ತದೆ. ಹರಿದು ಒಲೆಗೆ ಹಾಕಬೇಕು ಅಂದುಕೊಳ್ಳುತ್ತೇನೆ, ಹಾಕಿಲ್ಲ. ಅದು ಹೋದರೆ ಬೈಯುವುದಕ್ಕೆ ನನ್ನನ್ನು ಬಿಟ್ಟು ಬೇರೆ ಯಾರೂ ಉಳಿಯುವುದಿಲ್ಲ.

ನಮ್ಮೂರು ಸೊಲ್ಲಾಪುರದ ಹತ್ತಿರದ ಕುಂಭಾರಿ. ನಾನೂ ನಮ್ಮ ಮನೆಯವರೂ ಸೊಲ್ಲಾಪುರದ ಒಂದೇ ಟವೆಲ್ ಕಾರ್ಖಾನೆಯಲ್ಲಿ ದುಡಿದವರು. ಅವರು ಮಗ್ಗ ನಡೆಸುತ್ತಿದ್ದರು, ನಾನು ಹರಿದ ಎಳೆಗಳಿಗೆ ಗಂಟು ಹಾಕುತ್ತಿದ್ದೆ. ಏಳು ವರ್ಷದ ಹಿಂದೆ ಮಗ್ಗದ ಹಲ್ಲುಗಾಲಿ ಅವರ ಬಲಗೈಯ ನಡುವಿನ ಮೂರು ಬೆರಳುಗಳನ್ನು ತಿಂದಿತು. ಉಳಿದದ್ದು ಹೆಬ್ಬೆರಳು, ಕಿರುಬೆರಳು. ಅವತ್ತಿನಿಂದ ಅವರ ಹೆಗಲ ಮೇಲಿನ ಟವೆಲ್ ಕೈ ಮೇಲೆ ಇಳಿಯಿತು. ಮದುವೆಮನೆಗೆ ಹೋಗುವುದು ಬಿಟ್ಟರು. ಪಂಕ್ತಿಯಲ್ಲಿ ಕೂತು ಎಲ್ಲರೆದುರು ಎಡಗೈಯಿಂದ ಉಣ್ಣಬೇಕಲ್ಲ, ಅದಕ್ಕೆ.

"ಯಾರು ಏನ ಅಂತಾರ್ರಿ ನಿಮಗ?" ಅಂತ ಒಮ್ಮೆ ರೇಗಿದ್ದೆ.

"ಯಾರೂ ಏನೂ ಅನ್ನೂದಿಲ್ಲ. ಸುಮ್ಮ ನೋಡ್ತಾರ. ಅದ ಬ್ಯಾಡಾಗ್ಯಾದ ನನಗ," ಅಂದಿದ್ದರು.

ಅವರಿಗೆ ಮೊದಲಿನಿಂದಲೂ ಮೀನಿನ ಹುಚ್ಚು. ರಜೆ ಸಿಕ್ಕರೆ ಬಿದಿರಿನ ಗಳ ಹಿಡಿದು ಅಕ್ಕಲಕೋಟದ ಬಸ್ಸು ಹತ್ತಿ, ಅಲ್ಲಿಂದ ಅಣೆಕಟ್ಟಿನ ಹಿನ್ನೀರಿಗೆ ಹೋಗುತ್ತಿದ್ದರು. ಕೈ ಹೋದ ಮೇಲೆ ಗಳ ಮುಟ್ಟಲಿಲ್ಲ. ಹೋದ ವರ್ಷ ನಾನು ಸೊಲ್ಲಾಪುರದ ಅಂಗಡಿಯಿಂದ ರೀಲು ಇರುವ ಕಂಪನಿ ಕೋಲು ತಂದೆ. ಅಂಗಳದಲ್ಲಿ ಒಂದು ಸಲ ಬೀಸಿ ನೋಡಿದರು. ಮೆತ್ತನೆಯ ಫೋಮಿನ ಹಿಡಿಕೆ ಎರಡು ಬೆರಳಿನ ನಡುವೆ ಗರಗರ ತಿರುಗಿತು. "ಇದು ಐದ ಬೆರಳ ಇದ್ದವ್ರಿಗಿ ಮಾಡ್ಯಾರ," ಅಂದವರೇ ಮೂಲೆಗೆ ಒರಗಿಸಿದರು.

ನನಗೆ ಹಟ ಬಂತು. ಅವರ ಮನೆತನ ಕುರಿ ಕಾಯ್ದವರದು, ನಮ್ಮ ಅತ್ತೆ ಈಗಲೂ ಉಣ್ಣೆ ನೂಲುತ್ತಾರೆ. ಕಂಬಳಿ ನೇಯುವ ಹಾಸುನೂಲಿಗೆ ಬಿರುಸು ಬರಲಿ ಅಂತ ಹುಣಸೆ ಬೀಜದ ಗಂಜಿ ಸವರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ನಾನು ಬೀಜ ಹುರಿದು, ಬೀಸಿ, ಗಂಜಿ ಕಾಯಿಸಿದೆ. ಹಿಡಿಕೆಯ ಮೇಲೆ ಉಣ್ಣೆಯ ನೂಲು ಬಿಗಿದು ಸುತ್ತಿದೆ, ಗಂಜಿ ಮೆತ್ತಿದೆ. "ಕೈ ಕೊಡ್ರಿ," ಅಂದೆ. ಎರಡು ದಿನ ಕೊಡಲಿಲ್ಲ. ಮೂರನೆಯ ದಿನ ಮತ್ತೆ ಗಂಜಿ ಮೆತ್ತಿದಾಗ ಟವೆಲ್ ಸರಿಸಿ ಕೊಟ್ಟರು.

ಆ ಕೈಯನ್ನು ಹಸಿ ಉಣ್ಣೆಯ ಮೇಲೆ ಒತ್ತಿ, ಮೇಲೆ ಬಟ್ಟೆ ಕಟ್ಟಿ, ಒಣಗುವ ತನಕ ಬಿಸಿಲಲ್ಲಿ ಕೂರಿಸಿದೆ. ಬಟ್ಟೆ ಜಾರದ ಹಾಗೆ ನಾನೂ ಹಿಡಿದುಕೊಂಡು ಕೂತೆ. "ಈ ವಯಸ್ಸಿನ್ಯಾಗ ಕೈ ಕೈ ಹಿಡಕೊಂಡ ಕುಂತಾರಂತ ಓಣ್ಯಾಗ ನಗ್ತಾರ ನೋಡು," ಅಂದರು. ನಗಲಿ ಬಿಡ್ರಿ ಅಂದೆ. ಹೀಗೆ ಎಂಟು ದಿನ, ಎಂಟು ಸುತ್ತು. ಕೊನೆಗೆ ಅದು ಕಟ್ಟಿಗೆಯಷ್ಟು ಗಟ್ಟಿಯಾಯಿತು. ಹೆಬ್ಬೆರಳಿಗೆ ಒಂದು ಕುಳಿ, ಕಿರುಬೆರಳಿಗೆ ಒಂದು ಕೊಂಡಿ, ನಡುವೆ ಬೆರಳಿಲ್ಲದ ಜಾಗ ಆನಿಸಿಕೊಳ್ಳಲು ಒಂದು ದಿಂಡು. ಆ ಹಿಡಿಕೆಯನ್ನು ಬೇರೆ ಯಾರು ಹಿಡಿದರೂ ಕೈಗೆ ಕೂಡುತ್ತಿರಲಿಲ್ಲ. ಅವರ ಕೈಗೆ ಮಾತ್ರ ಕೂಡುತ್ತಿತ್ತು.

ಮೊದಲ ದಿನ ನಾನೂ ಜೊತೆಗೆ ಹೋದೆ. ಅಕ್ಕಲಕೋಟದ ಬಸ್ಸಿನಲ್ಲಿ ಕಂಡಕ್ಟರು, "ಹೇ ಕಾಯ್ ಆಹೆ, ಕಾಕಾ?" ಇದೇನು ಅಂತ ಕೋಲಿನ ಬುಡ ನೋಡಿ ಕೇಳಿದ. ನಮ್ಮ ಮನೆಯವರು ಟವೆಲ್ ತೆಗೆದು ಹೆಗಲಿಗೆ ಹಾಕಿಕೊಂಡರು. ಬಲಗೈಯಿಂದ ಹಿಡಿಕೆ ಹಿಡಿದು ತೋರಿಸಿ, ಇದು ನನ್ನ ಕೈಯ ಅಳತೆ, ನನ್ನ ಹೆಂಡತಿ ಮಾಡಿದ್ದು ಅಂತ ಮರಾಠಿಯಲ್ಲಿ ಹೇಳಿದರು. ಅಕ್ಕಲಕೋಟದ ಸ್ವಾಮಿಯ ದರ್ಶನಕ್ಕೆ ಹೊರಟವರೆಲ್ಲ ಕತ್ತು ತಿರುಗಿಸಿ ನೋಡಿದರು. ಅವರು ಕೈ ಮುಚ್ಚಿಕೊಳ್ಳಲಿಲ್ಲ. ನಾನು ಕಿಟಕಿಯ ಕಡೆ ಮುಖ ಮಾಡಿ ಅತ್ತೆ. ಆಮೇಲೆ ಐದು ತಿಂಗಳು ಟವೆಲ್ ಹೆಗಲ ಮೇಲೆಯೇ ಇತ್ತು.

ಆಮೇಲೆ ಒಂದು ದಿನ ಕೋಲು ಮುರಿಯಿತು. ಸಿಕ್ಕಿದ್ದು ಮೊಳಕೈ ಉದ್ದದ ಕಟ್ಲಾ ಮೀನು, ಆನೆಯಲ್ಲ. ತುದಿಯಿಂದ ಒಂದು ಗೇಣು ಕೆಳಗೆ ಕಟ್ ಅಂತ ಹೋಯಿತಂತೆ. ಮನೆಗೆ ಬಂದವರು ಎರಡು ತುಂಡನ್ನೂ ಕಟ್ಟೆಯ ಮೇಲಿಟ್ಟು, "ಬಿಡು, ನಾ ನೋಡ್ತೀನಿ," ಅಂದರು. ನನಗೆ ಬಿಡು ಅಂದದ್ದಷ್ಟೇ ಕೇಳಿಸಿತು. ಬಿಡುವುದು ಯಾಕೆ? ಒಂದು ವರ್ಷದ ವಾರಂಟಿ ಇದೆ, ದೇವರ ಹಿಂದೆ ಕಾರ್ಡು ಇದೆ. ಮರುದಿನವೇ ಕೋಲು ಹಿಡಿದು ಸೊಲ್ಲಾಪುರಕ್ಕೆ ಹೊರಟೆ.

ಅಂಗಡಿಯವನು ಒಳ್ಳೆಯ ಮಾತಿನ ಮನುಷ್ಯ. ಗಿರಾಕಿಗಳ ಜೊತೆ ಮರಾಠಿ, ನನ್ನ ಜೊತೆ ಕನ್ನಡ. ಕಂಪನಿಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ನಿಮ್ಮ ಕರೆ ನಮಗೆ ಬಹಳ ಮುಖ್ಯ ಅಂತ ಒಂದು ಹೆಣ್ಣಿನ ದನಿ ಹಿಂದಿಯಲ್ಲಿ ಹದಿನೈದು ಸಲ ಹೇಳಿತು. ಅಷ್ಟು ಮುಖ್ಯ ಆಗಿದ್ದರೆ ಎತ್ತಬಾರದೇ? ಕೊನೆಗೊಬ್ಬ ಎತ್ತಿದ. ಕೋಲಿಗೆ ಏನಾದರೂ ಬದಲಾವಣೆ ಮಾಡಿದ್ದೀರಾ ಅಂತ ಕೇಳಿದ. ಸುಳ್ಳು ಯಾಕೆ ಅಂತ ಹೌದು, ಹಿಡಿಕೆಗೆ ಉಣ್ಣೆ ಸುತ್ತಿದ್ದೇನೆ ಅಂದೆ. ಹಾಗಾದರೆ ವಾರಂಟಿ ಇಲ್ಲ ಅಂತ ಇಟ್ಟೇಬಿಟ್ಟ. ನಿಜ ಹೇಳಿದವರಿಗೆ ಕಂಪನಿ ಕೊಡುವ ಬಹುಮಾನ ಇದು.

"ಮುರದದ್ದು ತುದಿಗಿ, ಉಣ್ಣಿ ಇರೂದು ಬುಡಕ್ಕ," ಅಂತ ಅಂಗಡಿಯವನ ಮೇಲೆ ಹರಿಹಾಯ್ದೆ. "ಕಾಲಾಗ ಗೆಜ್ಜಿ ಕಟ್ಟಿದ್ರ ತಲಿ ಒಡೀತದೇನ್ರಿ?"

ಅವನು ನಕ್ಕ. ಆಮೇಲೆ ದನಿ ತಗ್ಗಿಸಿದ. "ಅಕ್ಕಾರ, ಹಾವೂ ಸಾಯಬೇಕು, ಕೋಲೂ ಮುರೀಬಾರದು, ಹಂಗ ಮಾಡ್ರಿ. ಆ ಉಣ್ಣಿ ಬಿಚ್ಚಿ ತರ್ರಿ. ನಾಳಿ ಫೋನ್ ಎತ್ತಾವ ಬ್ಯಾರೇ ಇರ್ತಾನ. ನಾ ಏನೂ ನೋಡಿಲ್ಲ."

ನಾನು ಅಲ್ಲೇ ಯೋಚಿಸಬೇಕಿತ್ತು. ನನ್ನ ತಲೆ ಮೊಸರ ಗಡಿಗೆಯಾಗಿತ್ತು. ಹೊಸ ಕೋಲು ಬಂದರೆ ಮತ್ತೆ ಸುತ್ತಿದರಾಯಿತು, ನೂಲಿದೆ, ಹುಣಸೆ ಬೀಜವಿದೆ ಅಂದುಕೊಂಡೆ. ಈಗ ನಿಜ ಹೇಳುತ್ತೇನೆ. ಆ ಹೊತ್ತಿಗೆ ನನಗೆ ಕೋಲು ಬೇಕಿರಲಿಲ್ಲ. ಆ ಕಂಪನಿಯ ಎದುರು ಗೆಲ್ಲಬೇಕಿತ್ತು.

ಮರುದಿನ ಅವರು ತಂಗಿಯನ್ನು ಕಾಣಲು ಕಂದಲಗಾಂವಕ್ಕೆ ಹೋದರು. ನಾನು ಬಿಸಿನೀರು ಕಾಯಿಸಿ ಹಿಡಿಕೆ ನೆನೆಸಿದೆ. ಬಿಡಲಿಲ್ಲ. ನಾನೇ ಬಿಗಿದ ಸುತ್ತು, ನಾನೇ ಹಾಕಿದ ಗಂಟು, ನನ್ನ ಮಾತನ್ನೇ ಕೇಳಲಿಲ್ಲ. ಈಳಿಗೆಮಣೆಗೆ ಹಚ್ಚಿ ಕೊಯ್ದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಉಣ್ಣೆಯ ಜೊತೆ ಫೋಮೂ ಕಿತ್ತು ಬಂತು, ಅದರ ಜೊತೆ ಕಂಪನಿಯವರು ಕೋಲಿನ ನಂಬರು ಬರೆದು ಅಂಟಿಸಿದ್ದ ಚೀಟಿಯೂ ಚೂರಾಯಿತು. ಅದು ಏನು ಅಂತ ನನಗೆ ಆಗ ಗೊತ್ತೂ ಇರಲಿಲ್ಲ. ಕಸದ ಜೊತೆ ಗುಡಿಸಿ ಹಾಕಿ ಬಸ್ಸು ಹತ್ತಿದೆ.

"ನಂಬರ್ ಎಲ್ಲೈತ್ರಿ, ಅಕ್ಕಾರ?" ಅಂತ ಅಂಗಡಿಯವನು ಕೋಲು ತಿರುಗಿಸಿ ತಿರುಗಿಸಿ ನೋಡಿದ.

"ಕಾರ್ಡಿನ ಮ್ಯಾಗ ಅದ ಅಲ್ರಿ."

"ಕೋಲಿನ ಮ್ಯಾಗೂ ಇರಬೇಕ್ರಿ. ಎರಡೂ ಕೂಡಿದ್ರನ ವಾರಂಟಿ."

"ಬಿಚ್ಚ ಅಂದವ್ರು ನೀವ."

"ಬಿಚ್ಚರಿ ಅಂದಿದ್ದೆ. ಸುಲೀರಿ ಅಂದಿರಲಿಲ್ಲ."

ಅವತ್ತು ಆ ಅಂಗಡಿಯಲ್ಲಿ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯಲಾರೆ. ಅವನ ಅಪ್ಪನ ತನಕ ಹೋದೆ. ಅವನು ಕೋಲಿಗೆ ಹಾಳೆ ಸುತ್ತಿ ಮರ್ಯಾದೆಯಿಂದಲೇ ವಾಪಸ್ ಕೊಟ್ಟ. ಅದರಿಂದ ಸಿಟ್ಟು ಇನ್ನೂ ಹೆಚ್ಚಾಯಿತು.

ಮನೆಗೆ ಬಂದರೆ ಅವರು ಆಗಲೇ ಬಂದು ಕಟ್ಟೆಯ ಮೇಲೆ ಕೂತಿದ್ದರು. ಟವೆಲ್ ಹೆಗಲ ಮೇಲಿತ್ತು. ಅಂಗೈಯಲ್ಲಿ ಒಂದು ಸಣ್ಣ ಕಬ್ಬಿಣದ ಉಂಗುರ ಇತ್ತು, ದಾರ ಹಾಯಲು ಕೋಲಿನ ತುದಿಗೆ ಕಟ್ಟುವಂಥದ್ದು. ತಂಗಿಯ ಮನೆಯಲ್ಲಿ ಹಳೆಯ ಮುರುಕು ಕೋಲೊಂದು ಇತ್ತಂತೆ, ಅದರಿಂದ ಬಿಚ್ಚಿ ತಂದಿದ್ದರು. "ಇದನ್ನ ತುದಿಗಿ ಇಟ್ಟು ನೀ ನಾಲ್ಕ ಸುತ್ತ ನೂಲ ಸುತ್ತಿದ್ರ ಮುಗೀತು. ಒಂದ ಗೇಣ ಗಿಡ್ಡ ಆಗ್ತದ, ಅಷ್ಟ," ಅಂತ ಹೇಳುತ್ತಲೇ ನನ್ನ ಕೈಯಲ್ಲಿದ್ದ ಕೋಲು ತಗೊಂಡು ಹಾಳೆ ಬಿಚ್ಚಿದರು.

ಬುಡದಲ್ಲಿ ಬರಿಯ ಕಪ್ಪು ಕಡ್ಡಿ ಇತ್ತು. ಅವರು ಅದನ್ನು ಬಲಗೈಯಿಂದ ಹಿಡಿಯಲು ನೋಡಿದರು. ಅದು ಜಾರಿ ಕಟ್ಟೆಯ ಕೆಳಗೆ ಬಿತ್ತು. ನಾನು ಕಂಪನಿಯನ್ನು ಬೈದೆ, ಅಂಗಡಿಯವನನ್ನು ಬೈದೆ, ನಂಬರಿನ ಚೀಟಿಯನ್ನು ಬೈದೆ. ಅವರು ಕೇಳುವಷ್ಟು ಕೇಳಿದರು.

"ಒಮ್ಮಿ ಮಗ್ಗ ತಗೊಂತು," ಅಂದರು. "ಇನ್ನೊಮ್ಮಿ ನೀ ತಗೊಂಡಿ."

ದನಿ ಎತ್ತಿರಲಿಲ್ಲ. ಎತ್ತಿದ್ದರೆ ನಾನೂ ಎತ್ತುತ್ತಿದ್ದೆ.

ಮರುವಾರ ಅತ್ತೆಯಿಂದ ಹೊಸ ನೂಲು ತಂದೆ. ತುದಿಗೆ ಉಂಗುರ ಕಟ್ಟಿದೆ, ನನ್ನ ಕೆಲಸ, ಅಲುಗಾಡುವುದಿಲ್ಲ. ಬುಡಕ್ಕೆ ಉಣ್ಣೆ ಸುತ್ತಿದೆ, ಗಂಜಿ ಕಾಯಿಸಿದೆ, ಕಟ್ಟೆಯ ಮೇಲೆ ಅವರ ಪಕ್ಕದಲ್ಲಿ ಕೂತೆ. "ಕೈ ಕೊಡ್ರಿ," ಅಂದೆ. ಅವರು ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹಾಕಿಕೊಂಡರು. ನಾನು ಅಲ್ಲೇ ಕೂತಿದ್ದೆ. ಬೋಗುಣಿಯಲ್ಲಿದ್ದ ಗಂಜಿ ಒಣಗಿ ಕಲ್ಲಾಯಿತು.